ಮೂರು ಚುಕ್ಕೆಗಳೂ ಅರವತ್ತು ಲಕ್ಷ ಡಾಲರುಗಳೂ

ಮೆಚ್ಚಿ ಓದಿದ ಕಾದಂಬರಿಯೊಂದು ಚಲಚ್ಚಿತ್ರವಾಗಿ ಬಂದಿತೆಂದರೆ ಅದನ್ನು ನೋಡಲು ಹೋಗದವರು ವಿರಳ. ಹೋಗಿ ಬಂದವರಲ್ಲಿ ಅನೇಕರು ಆಡುವ ಮಾತು ಮಾತ್ರ ಎಲ್ಲ ದೇಶಗಳಲ್ಲಿಯೂ ಒಂದೇ: ಕಥೆ ಅದೇ, ಆದರೆ ಅದಲ್ಲ. ಕಥಾನಾಯಕಿ ಚೆಲುವೆಯೇ ಆಗಿದ್ದಳು, ಆದರೆ ‘ಅವಳು’ ಆಗಿರಲಿಲ್ಲ. ಅರಮನೆ, ಹಡಗು, ಉದ್ಯಾನ ಎಲ್ಲವೂ ಇದ್ದುವು. ಆದರೆ ನಡುರಾತ್ರಿ ಕಳೆದರೂ ದೀಪವಾರಿಸದೆ ಪುಟ ತಿರುವುವಂತೆ ಮಾಡಿದ್ದ ಆ ಕಾವು ಎಲ್ಲಿಯೋ ಆರಿಹೋಗಿತ್ತು. ಸಾಹಸದ ಕಥೆಗಳಿಗಿಂತ ಪ್ರೇಮಕಥೆಗಳಿಗೆ, ಅದರಲ್ಲಿಯೂ ಶೃಂಗಾರವೇ ಜೀವಾಳವಾಗಿರುವ ಕಾದಂಬರಿಗಳಿಗೆ, ಈ ಗತಿ ಹೆಚ್ಚಾಗಿ ಒದಗುವಂತೆ ತೋರುತ್ತದೆ.

ಇದು ಬರಿಯ ಅಭಿರುಚಿಯ ವಿಷಯ. ಇದರಲ್ಲಿ ವಿಜ್ಞಾನಕ್ಕೇನು ಕೆಲಸ ಎಂದು ಕೇಳಬಹುದು. ಅಭಿರುಚಿಯನ್ನು ತೂಗುವ ತಕ್ಕಡಿ ವಿಜ್ಞಾನದ ಬಳಿ ಇಲ್ಲ, ನಿಜ. ಆದರೆ ಅಕ್ಷರಗಳನ್ನು ಓದುವಾಗ ಕಣ್ಣು ಏನು ಮಾಡುತ್ತದೆ, ಕಾಣದ ವಸ್ತುವನ್ನು ಮನಸ್ಸು ಹೇಗೆ ಕಾಣುತ್ತದೆ, ಕಣ್ಣೆದುರಿಗೆ ಚಿತ್ರವೇ ಬಂದು ನಿಂತಾಗ ಕಲ್ಪನೆಯ ಪಾಡೇನು ಎಂಬ ಪ್ರಶ್ನೆಗಳು ನೂರು ವರ್ಷಗಳಿಗೂ ಮಿಕ್ಕಿ ಪ್ರಯೋಗಶಾಲೆಯ ಪ್ರಶ್ನೆಗಳಾಗಿವೆ. ಒಂದು ನಿಜವಾದ ಉದಾಹರಣೆಯನ್ನು ಎದುರಿಗಿಟ್ಟುಕೊಂಡು ಅವುಗಳನ್ನು ವಿಚಾರಿಸೋಣ.

ಒಂದು ಪುಸ್ತಕದ ಕಥೆ

ಕ್ಯಾಥ್ಲೀನ್ ವಿನ್ಸರ್ ಎಂಬಾಕೆ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ೧೯೧೯ರಲ್ಲಿ ಹುಟ್ಟಿದವರು. ಅವರ ಪತಿ ಕಾಲೇಜಿನಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯನ್ನು ಕುರಿತು ಪ್ರಬಂಧವೊಂದನ್ನು ಬರೆಯುತ್ತಿದ್ದರು. ಅದಕ್ಕಾಗಿ ಮನೆಗೆ ಬಂದಿದ್ದ ಪುಸ್ತಕಗಳನ್ನು ಓದತೊಡಗಿದ ವಿನ್ಸರ್ ಆ ಕಾಲಕ್ಕೆ ಸಂಪೂರ್ಣವಾಗಿ ಮನಸೋತರು. ನೂರಾರು ಗ್ರಂಥಗಳನ್ನು ಓದಿ, ಹಲವು ಸಲ ತಿದ್ದಿ ಬರೆದು, ಅವರು ಸಿದ್ಧಪಡಿಸಿದ ಕಾದಂಬರಿಯೇ ‘ಫಾರೆವರ್ ಆಂಬರ್’. ಪ್ರಕಾಶಕರು ಹಸ್ತಪ್ರತಿಯನ್ನು ಬಹಳವಾಗಿ ಮೊಟಕುಗೊಳಿಸಿದ ಮೇಲೂ ೧೯೪೪ರಲ್ಲಿ ಹೊರಬಂದ ಪುಸ್ತಕದಲ್ಲಿ ೯೭೨ ಪುಟಗಳಿದ್ದುವು.

ಕಥೆಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಆಂಬರ್ ಎಂಬ ತರುಣಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ರೈತರ ಸಾಕುಮಗಳಾಗಿ ಬೆಳೆದವಳು. ೧೬೬೦ರಲ್ಲಿ, ದೊರೆ ದೇಶಭ್ರಷ್ಟತೆಯಿಂದ ಹಿಂದಿರುಗಿದ ವರ್ಷ, ಬ್ರೂಸ್ ಕಾರ್ಲ್‌ಟನ್ ಎಂಬ ಸರದಾರನನ್ನು ಕಂಡು ಮೋಹಿಸಿ, ಅವನ ಬೆನ್ನುಹತ್ತಿ ಲಂಡನ್ನಿಗೆ ಬರುತ್ತಾಳೆ. ಸ್ವಲ್ಪ ಕಾಲದಲ್ಲಿಯೇ ಅವನು ಅವಳನ್ನು ಬಿಟ್ಟು ಕಡಲಯಾನಕ್ಕೆ ಹೊರಟುಹೋಗುತ್ತಾನೆ. ಅಲ್ಲಿಂದ ಮುಂದೆ ಸಾಲಗಾರರ ಸೆರೆಮನೆ, ಕಳ್ಳರ ಕೇರಿ, ನಾಟಕಶಾಲೆ, ಧನಿಕನೊಬ್ಬನ ಮನೆ, ಕಡೆಗೆ ದೊರೆಯ ಆಸ್ಥಾನ ಎಂದು ಮೆಟ್ಟಲು ಮೆಟ್ಟಲಾಗಿ ಅವಳು ಏರುತ್ತಾಳೆ. ನಡುನಡುವೆ ಬ್ರೂಸ್ ಬರುತ್ತಾನೆ; ಮತ್ತೆ ಹೋಗುತ್ತಾನೆ. ೧೬೬೫ರ ಮಹಾಮಾರಿಯನ್ನೂ ೧೬೬೬ರ ಲಂಡನ್ ಮಹಾದಹನವನ್ನೂ ಅವಳು ದಾಟುತ್ತಾಳೆ. ಎಲ್ಲವನ್ನೂ ಪಡೆದರೂ ಬೇಕಾದ ಒಬ್ಬನು ಮಾತ್ರ ಅವಳ ಪಾಲಿಗೆ ದಕ್ಕುವುದಿಲ್ಲ.

ಯುದ್ಧಕಾಲದ ಅಮೆರಿಕದಲ್ಲಿ ಮೊದಲ ವಾರವೇ ಈ ಪುಸ್ತಕದ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದುವು. ಮುಂದೆ ಆ ಸಂಖ್ಯೆ ಮೂವತ್ತು ಲಕ್ಷವನ್ನು ದಾಟಿತು. ಜೊತೆಯಲ್ಲಿಯೇ ಅಶ್ಲೀಲವೆಂಬ ಕೂಗೂ ಎದ್ದಿತು. ಅಮೆರಿಕದ ಹದಿನಾಲ್ಕು ಸಂಸ್ಥಾನಗಳು ಅದನ್ನು ನಿಷೇಧಿಸಿದುವು. ೧೯೪೫ರಲ್ಲಿ ಆಸ್ಟ್ರೇಲಿಯವೂ ನಿಷೇಧಿಸಿತು. ಮ್ಯಾಸಚೂಸೆಟ್ಸ್ ಸಂಸ್ಥಾನದ ಸರಕಾರಿ ವಕೀಲರು ಪುಸ್ತಕವನ್ನು ಜರಡಿ ಹಿಡಿದು, ಸ್ತ್ರೀಪುರುಷ ಸಮಾಗಮದ ಪ್ರಸ್ತಾಪ ಎಪ್ಪತ್ತು ಕಡೆ ಇದೆಯೆಂದು ಎಣಿಸಿ ತೆಗೆದರು.

ತೆರೆಯ ಮೇಲೆ

ಇಷ್ಟು ಸದ್ದು ಮಾಡಿದ ಪುಸ್ತಕವನ್ನು ಹಾಲಿವುಡ್ಡು ಬಿಟ್ಟೀತೆ? ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪೆನಿ ಅದರ ಹಕ್ಕನ್ನು ಕೊಂಡಿತು. ೧೯೪೬ರಲ್ಲಿ ಜಾನ್ ಸ್ಟಾಲ್ ಎಂಬ ನಿರ್ದೇಶಕರ ಕೈಯಲ್ಲಿ, ಪೆಗಿ ಕಮಿನ್ಸ್ ಎಂಬ ತರುಣ ನಟಿಯನ್ನು ಆಂಬರ್ ಪಾತ್ರಕ್ಕೆ ಇಟ್ಟುಕೊಂಡು, ಚಿತ್ರೀಕರಣ ಆರಂಭವಾಯಿತು. ಕೆಲಕಾಲದ ಮೇಲೆ ಅದುವರೆಗಿನ ಕೆಲಸವನ್ನೆಲ್ಲ ಬದಿಗಿಟ್ಟು, ಓಟೊ ಪ್ರೆಮಿಂಜರ್ ಅವರನ್ನು ನಿರ್ದೇಶಕರನ್ನಾಗಿಯೂ ಲಿಂಡ ಡಾರ್ನೆಲ್ ಅವರನ್ನು ನಾಯಕಿಯನ್ನಾಗಿಯೂ ನೇಮಿಸಿ, ಮೊದಲಿನಿಂದ ತೊಡಗಬೇಕಾಯಿತು. ಡಾರ್ನೆಲ್ ಕಪ್ಪು ಕೂದಲಿನವರು. ಕಾದಂಬರಿಯ ನಾಯಕಿಗಾಗಿ ಅವರ ಕೂದಲಿನ ಬಣ್ಣವನ್ನೇ ಬದಲಾಯಿಸಿದರು. ಹಳೆಯ ಲಂಡನ್ನಿನ ಬೀದಿಗಳು, ರೇಷ್ಮೆಯ ಉಡುಪುಗಳು, ಹೊತ್ತಿ ಉರಿಯುವ ನಗರ, ಇವೆಲ್ಲವನ್ನೂ ವರ್ಣಚಿತ್ರದಲ್ಲಿ ತೆಗೆದರು. ಒಟ್ಟು ವೆಚ್ಚ ಅರವತ್ತು ಲಕ್ಷ ಡಾಲರುಗಳನ್ನು ಮೀರಿತು. ಆ ಕಾಲಕ್ಕೆ ಅದು ಬೆರಗುಗೊಳಿಸುವ ಮೊತ್ತ.

೧೯೪೭ರ ಅಕ್ಟೋಬರಿನಲ್ಲಿ ಚಿತ್ರ ಬಿಡುಗಡೆಯಾಯಿತು. ಪುಸ್ತಕದ ಕೀರ್ತಿಯನ್ನು ಕೇಳಿದ್ದ ಜನ ನೆರೆದರು. ಕ್ಯಾಥೊಲಿಕರ ನೈತಿಕ ಸಂಘವೊಂದು ಚಿತ್ರವನ್ನು ಖಂಡಿಸಲು, ಕಂಪೆನಿ ಮತ್ತಷ್ಟು ಕತ್ತರಿಯಾಡಿಸಿ ಪಾಪದ ಫಲವನ್ನು ಎಚ್ಚರಿಸುವ ಮುನ್ನುಡಿಯೊಂದನ್ನು ಸೇರಿಸಿತು. ಆದರೆ ನೋಡಿದ ವಿಮರ್ಶಕರಿಗೆ ಕಂಡದ್ದು ಪಾಪವಲ್ಲ, ಬೇಸರ. ಬಣ್ಣವಿತ್ತು, ವೈಭವವಿತ್ತು, ಡೇವಿಡ್ ರಾಕ್‌ಸಿನ್ನರ ಮೆಚ್ಚತಕ್ಕ ಸಂಗೀತವಿತ್ತು. ಜನರನ್ನು ಹುಚ್ಚುಗಟ್ಟಿಸಿದ್ದ ಪ್ರೇಮವೊಂದು ಮಾತ್ರ ಇರಲಿಲ್ಲ. ಪ್ರೆಮಿಂಜರ್ ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ, ತಾವು ತೆಗೆದ ಚಿತ್ರಗಳಲ್ಲಿ ಅತ್ಯಂತ ವೆಚ್ಚದ್ದೂ ಅತ್ಯಂತ ಕಳಪೆಯದೂ ಇದೇ ಎಂದು ಒಪ್ಪಿಕೊಂಡರು.

ಕತ್ತರಿಯದೇ ತಪ್ಪೆ?

ಇದಕ್ಕೆ ಎಲ್ಲರಿಗೂ ತಟ್ಟನೆ ಹೊಳೆಯುವ ಉತ್ತರ ಒಂದೇ: ನಿರ್ಬಂಧ. ೧೯೩೪ರಿಂದ ೧೯೬೮ರವರೆಗೆ ಹಾಲಿವುಡ್ಡಿನ ಚಿತ್ರಗಳು ‘ನಿರ್ಮಾಣ ಸಂಹಿತೆ’ ಎಂಬ ಕಟ್ಟುಪಾಡಿಗೆ ಒಳಗಾಗಿದ್ದುವು. ಚುಂಬನದ ಅವಧಿಯಿಂದ ಹಿಡಿದು ಮಂಚದ ಜೋಡಣೆಯವರೆಗೆ ಎಲ್ಲಕ್ಕೂ ಕಾವಲಿತ್ತು. ಪುಸ್ತಕದಲ್ಲಿದ್ದುದನ್ನು ತೆರೆಯ ಮೇಲೆ ತೋರಿಸಗೊಡಲಿಲ್ಲ. ಆದ್ದರಿಂದ ಚಿತ್ರ ಸಪ್ಪೆಯಾಯಿತು. ಈ ವಿವರಣೆ ಸರಳವಾಗಿದೆ. ಆದರೆ ಸರಳವಾದುದೆಲ್ಲ ಸತ್ಯವಾಗಬೇಕಾಗಿಲ್ಲ, ಅದನ್ನು ಪರೀಕ್ಷಿಸಬೇಕು.

ಒಂದು ಕಾರಣದಿಂದಲೇ ಒಂದು ಕಾರ್ಯ ಆಗುತ್ತದೆಯೆ ಎಂದು ತಿಳಿಯಲು ವಿಜ್ಞಾನಿ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ಕಾರಣವಿದ್ದೂ ಕಾರ್ಯವಾಗದಿರುವುದುಂಟೆ? ಕಾರಣವಿಲ್ಲದೆಯೂ ಕಾರ್ಯವಾಗುವುದುಂಟೆ? ನಮ್ಮ ವಿಷಯದಲ್ಲಿ ಎರಡಕ್ಕೂ ಉದಾಹರಣೆಗಳು ದೊರೆಯುತ್ತವೆ.

ಮೊದಲನೆಯದು ಮಾರ್ಗರೆಟ್ ಮಿಚೆಲ್ಲರ ‘ಗಾನ್ ವಿತ್ ದಿ ವಿಂಡ್’. ೧೯೩೬ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿಯೂ ಸಾವಿರಕ್ಕೆ ಮೇಲ್ಪಟ್ಟು ಪುಟಗಳು. ಇಲ್ಲಿಯೂ ಹಟಮಾರಿಯಾದ ನಾಯಕಿ, ದಕ್ಕದ ಪುರುಷ, ಯುದ್ಧ, ಉರಿಯುವ ನಗರ. ೧೯೩೯ರ ಅದರ ಚಿತ್ರವೂ ಅದೇ ಸಂಹಿತೆಯ ಕಾವಲಿನಲ್ಲಿಯೇ ತಯಾರಾಯಿತು. ಅದು ಅಮೆರಿಕದ ನೀಗ್ರೋ ಗುಲಾಮಗಿರಿಯನ್ನು ಚಿತ್ರಿಸಿದ ಬಗೆಯನ್ನು ನ್ಯಾಯವಾಗಿಯೇ ಆಕ್ಷೇಪಿಸುವವರೂ, ಅದರ ಪ್ರೇಮಕಥೆ ತೆರೆಯ ಮೇಲೆ ಸತ್ತಿದೆಯೆಂದು ಹೇಳಲಾರರು.

ಎರಡನೆಯದು ಡಿ. ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’. ೧೯೨೮ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಖಾಸಗಿಯಾಗಿ ಅಚ್ಚಾದ ಈ ಕಾದಂಬರಿ ೧೯೬೦ರ ಮೊಕದ್ದಮೆಯಲ್ಲಿ ಗೆದ್ದ ಮೇಲಷ್ಟೆ ಇಂಗ್ಲೆಂಡಿನಲ್ಲಿ ಪೂರ್ಣರೂಪದಲ್ಲಿ ಮಾರಾಟವಾಗಬಹುದಾಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೬೪ರಲ್ಲಿ ಅದನ್ನು ಅಶ್ಲೀಲವೆಂದೇ ಎಣಿಸಿತು. ೧೯೮೧ರಲ್ಲಿ ಜುಸ್ಟ್ ಜೇಕಿನ್ ಇದನ್ನು ಚಿತ್ರವಾಗಿ ತೆಗೆಯುವ ಹೊತ್ತಿಗೆ ಹಳೆಯ ಸಂಹಿತೆ ಮಣ್ಣಾಗಿತ್ತು. ಮರೆಮಾಚಬೇಕಾದ್ದು ಹೆಚ್ಚೇನೂ ಇರಲಿಲ್ಲ, ಮರೆಮಾಚಲೂ ಇಲ್ಲ. ಆದರೂ ವಿಮರ್ಶಕರಿಗೆ ಅದು ನಿರ್ಜೀವವಾಗಿ ಕಂಡಿತು. ೨೦೦೬ರಲ್ಲಿ ಪಾಸ್ಕಾಲ್ ಫೆರಾನ್ ಎಂಬ ಫ್ರೆಂಚ್ ನಿರ್ದೇಶಕಿ, ಲಾರೆನ್ಸರು ಇದೇ ಕಥೆಗೆ ಬರೆದಿದ್ದ ಎರಡನೆಯ ಕರಡನ್ನು ಆಧರಿಸಿ ತೆಗೆದ ಚಿತ್ರ ಅಷ್ಟೇ ಸ್ವಾತಂತ್ರ್ಯವನ್ನು ಪಡೆದಿದ್ದೂ ಮೆಚ್ಚುಗೆ ಗಳಿಸಿ, ಆ ವರ್ಷದ ಶ್ರೇಷ್ಠಚಿತ್ರವೆಂದು ಫ್ರಾನ್ಸಿನ ಸೆಸಾರ್ ಪ್ರಶಸ್ತಿಯನ್ನು ಪಡೆಯಿತು.

ಹೀಗೆ ನಮಗೆ ನಾಲ್ಕು ಮನೆಗಳ ಒಂದು ಕೋಷ್ಟಕ ದೊರೆಯಿತು. ನಿರ್ಬಂಧವಿದ್ದು ಗೆದ್ದದ್ದು ಒಂದು, ನಿರ್ಬಂಧವಿದ್ದು ಸೋತದ್ದು ಒಂದು. ನಿರ್ಬಂಧವಿಲ್ಲದೆ ಸೋತದ್ದು ಒಂದು, ನಿರ್ಬಂಧವಿಲ್ಲದೆ ಗೆದ್ದದ್ದು ಒಂದು. ನಾಲ್ಕು ಚಿತ್ರಗಳಿಂದ ನಿಯಮವನ್ನು ಸ್ಥಾಪಿಸಲಾಗದು. ಆದರೆ ಸೋಲುಗೆಲವುಗಳ ಬೀಗದ ಕೈ ಕತ್ತರಿಯೊಂದರಲ್ಲಿಯೇ ಇಲ್ಲವೆಂದು ಹೇಳಲು ಇಷ್ಟು ಸಾಕು.

ಇನ್ನೊಂದು ಸಂಗತಿಯನ್ನು ಕೇಳಿದರೆ ಆ ವಿವರಣೆ ಪೂರ್ತಿಯಾಗಿ ಕುಸಿಯುತ್ತದೆ. ತಮ್ಮ ಕಾದಂಬರಿಯಲ್ಲಿ ತಾವು ಬರೆದ ಬಿಚ್ಚುಶೃಂಗಾರದ ಭಾಗಗಳು ಎರಡೇ ಎಂದೂ, ಪ್ರಕಾಶಕರು ಅವೆರಡನ್ನೂ ತೆಗೆದುಹಾಕಿ ಆ ಜಾಗದಲ್ಲಿ ಚುಕ್ಕೆಗಳನ್ನು ಇಟ್ಟರೆಂದೂ ವಿನ್ಸರ್ ಒಮ್ಮೆ ಹೇಳಿದರು. ವಾಕ್ಯದ ಕೊನೆಯಲ್ಲಿ ಬರುವ ಮೂರು ಚುಕ್ಕೆಗಳು! ಅಂದಮೇಲೆ ಕತ್ತರಿ ಪುಸ್ತಕಕ್ಕೂ ಬಿದ್ದಿತ್ತು. ಹದಿನಾಲ್ಕು ಸಂಸ್ಥಾನಗಳು ಹೆದರಿದ್ದು ಚುಕ್ಕೆಗಳ ಹಿಂದೆ ಅಡಗಿದ್ದುದಕ್ಕೆ. ಮ್ಯಾಸಚೂಸೆಟ್ಸಿನ ವಕೀಲರು ಎಪ್ಪತ್ತು ಪ್ರಸ್ತಾಪಗಳನ್ನು ಕಂಡ ಅದೇ ಪುಸ್ತಕವನ್ನು ಓದಿದ ಅಲ್ಲಿಯ ನ್ಯಾಯಾಧೀಶರೊಬ್ಬರು, ಇದು ಕಾಮವನ್ನು ಕೆರಳಿಸುವುದಕ್ಕಿಂತ ನಿದ್ರೆಯನ್ನು ತರುವಂಥದು ಎಂಬ ಅಭಿಪ್ರಾಯಕ್ಕೆ ಬಂದರು. ೧೯೪೮ರಲ್ಲಿ ಆ ಸಂಸ್ಥಾನದ ಪರಮೋಚ್ಚ ನ್ಯಾಯಾಲಯವೂ ಪುಸ್ತಕವನ್ನು ನಿರ್ದೋಷಿಯೆಂದು ಬಿಟ್ಟಿತು. ಅಕ್ಷರಗಳು ಅವೇ, ವಕೀಲರು ಓದಿದ ಪುಸ್ತಕ ಬೇರೆ, ನ್ಯಾಯಾಧೀಶರು ಓದಿದ ಪುಸ್ತಕ ಬೇರೆ. ಹಾಗಾದರೆ ಉಳಿದ ಭಾಗವನ್ನು ಬರೆದವರಾರು?

ಓದುವಾಗ ನಡೆಯುವುದೇನು?

ನಾವು ಓದುವಾಗ ನಮ್ಮ ಕಣ್ಣು ಸಾಲಿನ ಉದ್ದಕ್ಕೂ ನೀರಿನಂತೆ ಹರಿಯುತ್ತದೆಯೆಂದು ಭಾವಿಸುತ್ತೇವೆ. ಅದು ತಪ್ಪೆಂದು ೧೮೭೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡರು. ಕಣ್ಣು ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದೆಡೆ ಸೆಕೆಂಡಿನ ಸುಮಾರು ಕಾಲು ಭಾಗ ನಿಂತು, ಮುಂದಕ್ಕೆ ಹಾರಿ, ಮತ್ತೆ ನಿಲ್ಲುತ್ತದೆ. ಹಾರುವಾಗ ಅದು ಏನನ್ನೂ ಸ್ಪಷ್ಟವಾಗಿ ಕಾಣುವುದಿಲ್ಲ, ಕಾಣುವುದೆಲ್ಲ ನಿಂತಾಗಲೇ. ಹೀಗೆ ಕಂಡದ್ದು ಬಿಳಿಯ ಕಾಗದದ ಮೇಲಿನ ಕರಿಯ ಗುರುತುಗಳನ್ನಷ್ಟೆ. ಆಂಬರಳ ಹೊನ್ನಿನ ಬಣ್ಣದ ಕಣ್ಣುಗಳನ್ನಾಗಲಿ ಬ್ರೂಸನ ಹಡಗನ್ನಾಗಲಿ ಅಕ್ಷಿಪಟಲ ಕಂಡೇ ಇಲ್ಲ. ಅವೆಲ್ಲ ಒಳಗಿನ ಸೃಷ್ಟಿ.

ಈ ಒಳಗಿನ ಸೃಷ್ಟಿ ಎಂಥದು? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ೧೮೮೦ರಲ್ಲಿ ಇದನ್ನು ಅಳೆಯಲು ಒಂದು ಸರಳವಾದ ಉಪಾಯ ಹೂಡಿದರು. ಆ ಬೆಳಗ್ಗೆ ತಾವು ಕುಳಿತಿದ್ದ ಉಪಾಹಾರದ ಮೇಜನ್ನು ನೆನೆದುಕೊಂಡು, ಮನಸ್ಸಿನಲ್ಲಿ ಕಾಣುವ ಚಿತ್ರ ಎಷ್ಟು ಬೆಳಗಿದೆ, ಎಷ್ಟು ಸ್ಫುಟವಾಗಿದೆ, ಬಣ್ಣಗಳು ಹೇಗಿವೆ ಎಂದು ತಿಳಿಸುವಂತೆ ಅನೇಕರನ್ನು ಪ್ರಶ್ನಿಸಿದರು. ಬಂದ ಉತ್ತರಗಳ ವೈವಿಧ್ಯ ಅವರನ್ನು ಬೆರಗುಗೊಳಿಸಿತು. ಕೆಲವರಿಗೆ ಮೇಜು ಎದುರಿಗೇ ಇದ್ದಂತೆ ಕಂಡಿತು, ಕೆಲವರಿಗೆ ಮಸುಕುಮಸುಕು, ಮತ್ತೆ ಕೆಲವರಿಗೆ ಏನೂ ಕಾಣಲಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಈ ಕೊನೆಯ ಸ್ಥಿತಿಗೆ ‘ಅಫಾಂಟೇಸಿಯ’ ಎಂಬ ಹೆಸರನ್ನು ಆಡಂ ಜೆಮನ್ ಎಂಬ ನರವೈದ್ಯರು ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಕೊಟ್ಟರು.

ಚೆನ್ನಾಗಿ ಚಿತ್ರ ಮೂಡುವವರಲ್ಲಿಯೂ ಅದು ಛಾಯಾಚಿತ್ರದಂತಿರುವುದಿಲ್ಲ. ಬೇಕಾದರೆ ಈ ಕ್ಷಣವೇ ನೋಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ದೇವಾಲಯವೊಂದನ್ನು ಕಣ್ಣು ಮುಚ್ಚಿ ನೆನೆಯಿರಿ. ಗೋಪುರ, ಕಂಬಗಳ ಸಾಲು, ನೆರಳು, ಗಂಟೆ ಎಲ್ಲವೂ ಕಂಡಿತೆ? ಈಗ ಆ ಚಿತ್ರದಲ್ಲಿ ಕಂಬಗಳನ್ನು ಎಣಿಸಿ. ಸಂಖ್ಯೆಯನ್ನು ಮೊದಲೇ ಬಲ್ಲವರ ಹೊರತು ಬಹುಮಂದಿಗೆ ಎಣಿಸಲಾಗುವುದಿಲ್ಲ. ಕಂಬಗಳಿವೆ, ಆದರೆ ಇಂತಿಷ್ಟು ಕಂಬಗಳಿಲ್ಲ! ಕಲ್ಪನೆಯ ಚಿತ್ರ ಬೇಕಾದುದನ್ನು ಮಾತ್ರ ಬರೆದುಕೊಂಡು ಉಳಿದುದನ್ನು ಬರಿದಾಗಿ ಬಿಡುತ್ತದೆ. ಬಿಟ್ಟಿದೆಯೆಂಬುದೂ ನಮ್ಮ ಅರಿವಿಗೆ ಬರುವುದಿಲ್ಲ.

ಕಾದಂಬರಿಯ ನಾಯಕಿಯೂ ಹೀಗೆಯೇ. ಕಣ್ಣಿನ ಬಣ್ಣ, ಕೂದಲಿನ ಬಣ್ಣಗಳನ್ನು ಲೇಖಕಿ ಹೇಳುತ್ತಾರೆ. ಮೂಗಿನ ತುದಿ, ಕಿವಿಯ ಆಕಾರ, ನಕ್ಕಾಗ ಕೆನ್ನೆ ಮಡಿಯುವ ಬಗೆ, ಇವನ್ನು ಹೇಳುವುದಿಲ್ಲ, ಓದುಗನೂ ಕೇಳುವುದಿಲ್ಲ. ಆ ತೆರವಿನಲ್ಲಿ ಓದುಗ ತನಗೆ ಪ್ರಿಯವಾದುದನ್ನೆಲ್ಲ ತುಂಬುತ್ತಾನೆ. ಮೂವತ್ತು ಲಕ್ಷ ಪ್ರತಿಗಳಲ್ಲಿ ಮೂವತ್ತು ಲಕ್ಷ ಆಂಬರರು. ಒಬ್ಬೊಬ್ಬಳೂ ಓದಿದವರ ಅಳತೆಗೆ ಹೊಲಿದವಳು. ಮೂರು ಚುಕ್ಕೆಗಳು ಮಾಡಿದ ಕೆಲಸವೂ ಇದೇ. ಅಲ್ಲಿ ಏನು ನಡೆಯಿತೆಂಬುದನ್ನು ಪ್ರತಿಯೊಬ್ಬರೂ ತಮ್ಮ ಅನುಭವ, ಆಸೆ, ಅಂಜಿಕೆಗಳಿಗೆ ತಕ್ಕಂತೆ ಬರೆದುಕೊಂಡರು.

ಬೆಳಕಿನ ಮುಂದೆ ಕಲ್ಪನೆ

ಈಗ ತೆರೆಯ ಕಡೆಗೆ ಬರೋಣ. ಕ್ಯಾಮೆರಕ್ಕೆ ಬರಿದಾಗಿ ಬಿಡುವ ಶಕ್ತಿಯಿಲ್ಲ. ಒಬ್ಬಾಕೆಯನ್ನು ತೋರಿಸಿದರೆ ಅವಳ ಮೂಗನ್ನೂ ತೋರಿಸಲೇಬೇಕು. ಕಂಬಗಳಿದ್ದರೆ ಇಂತಿಷ್ಟೇ ಕಂಬಗಳಿರಲೇಬೇಕು. ಹಾಗೆ ತೋರಿಸಿದೊಡನೆ ನಮ್ಮ ಚಿತ್ರವೂ ತೆರೆಯ ಚಿತ್ರವೂ ಎದುರುಬದುರಾಗುತ್ತವೆ. ಗೆಲ್ಲುವವರಾರು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಚೀವ್ಸ್ ಪರ್ಕಿ ಎಂಬ ಮನಶ್ಶಾಸ್ತ್ರಜ್ಞೆ ನಡೆಸಿ ೧೯೧೦ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಗೆ ಬರುತ್ತದೆ. ಮಸುಕುಗಾಜಿನ ಪರದೆಯೊಂದನ್ನು ನೋಡುತ್ತ, ಅದರ ಮೇಲೆ ಬಾಳೆಹಣ್ಣನ್ನೋ ಕಿತ್ತಳೆಯನ್ನೋ ಎಲೆಯನ್ನೋ ಕಲ್ಪಿಸಿಕೊಳ್ಳುವಂತೆ ಆಕೆ ಜನರಿಗೆ ಹೇಳಿದರು. ಅವರಿಗೆ ತಿಳಿಯದಂತೆ ಪರದೆಯ ಹಿಂದಿನಿಂದ ಅದೇ ವಸ್ತುವಿನ ಬಹು ಮಂಕಾದ ಬೆಳಕಿನ ಚಿತ್ರವನ್ನು ಮೂಡಿಸಲಾಯಿತು. ಅವರೆಲ್ಲರೂ ಅದನ್ನು ತಮ್ಮ ಕಲ್ಪನೆಯೆಂದೇ ನಂಬಿದರು. ಬಾಳೆಹಣ್ಣು ಮಲಗಿರುವುದೆಂದು ತಾವು ಭಾವಿಸಿದ್ದರೂ ಅದು ನಿಂತಿರುವಂತೆ ಕಾಣುತ್ತಿದೆಯಲ್ಲ ಎಂದು ಆಶ್ಚರ್ಯಪಟ್ಟವರುಂಟು. ಅಷ್ಟಾದರೂ ಅದು ಹೊರಗಿನಿಂದ ಬಂದುದೆಂಬ ಶಂಕೆ ಅವರಿಗೆ ಹುಟ್ಟಲಿಲ್ಲ. ಕಾಣುವುದಕ್ಕೂ ಕಲ್ಪಿಸುವುದಕ್ಕೂ ಇರುವ ಗೋಡೆ ನಾವು ತಿಳಿದಷ್ಟು ದಪ್ಪವಾಗಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಮಿದುಳಿನ ಚಟುವಟಿಕೆಯನ್ನು ಯಂತ್ರಗಳಿಂದ ನೋಡಲು ಸಾಧ್ಯವಾದ ೧೯೯೦ರ ದಶಕದಿಂದೀಚೆಗೆ ಇದಕ್ಕೆ ಬೆಂಬಲ ದೊರೆತಿದೆ. ಹಿಂದಲೆಯಲ್ಲಿರುವ ದೃಷ್ಟಿಭಾಗಗಳಲ್ಲಿ ಕೆಲವು, ನಾವು ವಸ್ತುವನ್ನು ಕಂಡಾಗಲೂ, ಅದನ್ನು ಬರಿದೆ ನೆನೆದಾಗಲೂ ಎಚ್ಚರಗೊಳ್ಳುತ್ತವೆ. ನೆನೆದಾಗ ಸ್ವಲ್ಪ ಮೆಲ್ಲಗೆ.

ಒಂದೇ ಮನೆಯಲ್ಲಿ ಇಬ್ಬರಿಗೂ ವಾಸ. ಅವರಲ್ಲಿ ಹೊರಗಿನಿಂದ ಬರುವವನು ಬಲಶಾಲಿ. ಕತ್ತಲೆಯ ಸಭಾಂಗಣದಲ್ಲಿ, ಭಾರಿ ಪರದೆಯ ಮೇಲೆ, ಸೆಕೆಂಡಿಗೆ ೨೪ ಚಿತ್ರಗಳಂತೆ ಹರಿದುಬರುವ ಬೆಳಕಿನ ಮುಂದೆ ನಮ್ಮ ನಸುಚಿತ್ರ ನಿಲ್ಲುವುದಾದರೂ ಹೇಗೆ? ಚಿತ್ರ ನೋಡಿದ ಮೇಲೆ ಪುಸ್ತಕವನ್ನು ಮತ್ತೆ ತೆರೆದರೆ, ಮೊದಲು ಕಂಡಿದ್ದ ಮುಖ ಹಿಂದಿರುಗಲು ಒಪ್ಪದೆ ನಟಿಯ ಮುಖವೇ ಬಂದು ನಿಲ್ಲುವುದನ್ನು ನೀವೂ ಅನುಭವಿಸಿರಬಹುದು. ನಾವಾಗಿ ಕಟ್ಟಿದುದನ್ನು ಕಳೆದುಕೊಂಡು, ಕೊಟ್ಟದ್ದನ್ನು ಹಿಡಿದು ಮನೆಗೆ ಬರುತ್ತೇವೆ. ಆ ನಷ್ಟವನ್ನೇ ‘ಅವಳು ಇವಳಲ್ಲ’ ಎಂಬ ಮಾತಿನಲ್ಲಿ ಹೇಳುತ್ತೇವೆ. ಲಿಂಡ ಡಾರ್ನೆಲ್ ಅವರಲ್ಲಿ ಕೊರತೆಯಿತ್ತೆಂದಲ್ಲ. ಮೂವತ್ತು ಲಕ್ಷ ಮುಖಗಳನ್ನು ಒಬ್ಬಳೇ ಹೊರಬೇಕಾದ ಕಷ್ಟ ಅವರದು.

ಹಾಗಾದರೆ ಮನಸ್ಸಿನಲ್ಲಿ ಚಿತ್ರವೇ ಮೂಡದವರಿಗೆ ಕಾದಂಬರಿಯ ಸವಿ ಇಲ್ಲವೆ? ಉಂಟು. ಅವರಲ್ಲಿಯೂ ಉತ್ಸಾಹದ ಓದುಗರಿದ್ದಾರೆ. ಆದುದರಿಂದ ಚಿತ್ರಗಳ ಕಾದಾಟವೊಂದೇ ಪೂರ್ಣ ಉತ್ತರವಲ್ಲ. ಇನ್ನೆರಡು ಸಂಗತಿಗಳನ್ನು ಗಮನಿಸಬೇಕು.

ಬಯಕೆಯನ್ನು ಚಿತ್ರಿಸುವುದು ಹೇಗೆ?

ಪ್ರೇಮಕಥೆಯಲ್ಲಿ ಮುಖ್ಯವಾದದ್ದು ಕ್ರಿಯೆಯಲ್ಲ, ಬಯಕೆ. ಬಯಕೆ ಒಳಗಿನದು. ಕಾದಂಬರಿ ನಮ್ಮನ್ನು ನೇರವಾಗಿ ಆಂಬರಳ ತಲೆಯೊಳಕ್ಕೆ ಕರೆದೊಯ್ಯುತ್ತದೆ. ಅವಳು ಧನಿಕನಾದ ವೃದ್ಧನನ್ನು ಮದುವೆಯಾಗುವಾಗ, ಬಿರುದುಗಳಿಗಾಗಿ ಹೆಣಗುವಾಗ, ಇವೆಲ್ಲವೂ ಬ್ರೂಸನಿಗೆ ಸರಿಸಮಳಾಗಬೇಕೆಂಬ ಹಟದಿಂದ ಎಂಬುದನ್ನು ನಾವು ಮರೆಯುವಂತಿಲ್ಲ. ಅವಳ ಆಲೋಚನೆಯೇ ನಮ್ಮ ಆಲೋಚನೆಯಾಗಿ ಹರಿಯುತ್ತಿರುತ್ತದೆ. ಆದ್ದರಿಂದ ಅವಳ ತಪ್ಪುಗಳನ್ನು ಮೆಚ್ಚದೆಯೂ ಅವಳ ಪಕ್ಷವನ್ನು ವಹಿಸುತ್ತೇವೆ. ಕ್ಯಾಮೆರ ಹೊರಮೈಯನ್ನು ಮಾತ್ರ ಹಿಡಿಯಬಲ್ಲುದು. ಬಯಕೆಯನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಒಂದು ಉಡುಪಿನಿಂದ ಇನ್ನೊಂದು ಉಡುಪಿಗೆ ಹೋಗುವ ಹೆಂಗಸೊಬ್ಬಳ ದಿನಚರಿ. ೧೯೪೭ರ ಚಿತ್ರದಲ್ಲಿ ಆದದ್ದು ಬಹುಮಟ್ಟಿಗೆ ಇದೇ. ಘಟನೆಗಳು ಬಂದುವು, ಅವುಗಳ ಹಿಂದಿನ ಉರಿ ಬರಲಿಲ್ಲ.

ಕಾಯುವ ಕಾಲ

ಎರಡನೆಯ ಸಂಗತಿ ಕಾಲ. ಒಂದು ಪುಟಕ್ಕೆ ಎರಡು ನಿಮಿಷದಂತೆ ಹಿಡಿದರೂ ೯೭೨ ಪುಟಗಳಿಗೆ ೩೨ ಗಂಟೆಗಳಿಗೂ ಹೆಚ್ಚು ಬೇಕು. ಚಿತ್ರ ನಡೆಯುವುದು ಸುಮಾರು ೨ ಗಂಟೆ ೧೮ ನಿಮಿಷ. ಅಂದರೆ ಹದಿನಾಲ್ಕರಲ್ಲಿ ಒಂದು ಪಾಲು. ಕಥೆಯ ಘಟನೆಗಳನ್ನು ಸಂಕ್ಷೇಪಿಸಬಹುದು, ಆದರೆ ವಿರಹವನ್ನು ಸಂಕ್ಷೇಪಿಸುವುದೆಂತು? ಕಾದಂಬರಿಯಲ್ಲಿ ಬ್ರೂಸ್ ಕಡಲಿಗೆ ಹೋದನೆಂದರೆ ನೂರಾರು ಪುಟಗಳವರೆಗೆ ಕಾಣಿಸಿಕೊಳ್ಳುವುದಿಲ್ಲ. ಓದುವವರಿಗೂ ಅಷ್ಟರಲ್ಲಿ ಎರಡು ಮೂರು ದಿನಗಳಾದರೂ ಕಳೆದಿರುತ್ತವೆ. ಅವರು ಊಟ ಮಾಡಿರುತ್ತಾರೆ, ಮಲಗಿ ಎದ್ದಿರುತ್ತಾರೆ, ಪಾಠಶಾಲೆಗೋ ಕಚೇರಿಗೋ ಹೋಗಿಬಂದಿರುತ್ತಾರೆ. ನಡುವೆ ಆಗಾಗ ಅವನು ಯಾವಾಗ ಬಂದಾನೆಂದು ಯೋಚಿಸಿರುತ್ತಾರೆ. ಅವನು ಹಿಂದಿರುಗಿದಾಗ ಆಂಬರಳೊಂದಿಗೆ ಓದುಗರೂ ಕಾದಿದ್ದವರಾಗುತ್ತಾರೆ. ಚಿತ್ರದಲ್ಲಿ ಅವನು ಹೋಗುತ್ತಾನೆ, ಒಂದು ದೃಶ್ಯ ಕರಗಿ ಇನ್ನೊಂದು ಮೂಡುತ್ತದೆ, ಅವನು ಬಂದುಬಿಡುತ್ತಾನೆ. ಅವಳಿಗೆ ವರ್ಷಗಳಾಗಿವೆ, ನಮಗೆ ಹದಿನೈದು ನಿಮಿಷಗಳೂ ಆಗಿಲ್ಲ.

ಮಹಾಮಾರಿಯ ಅಧ್ಯಾಯಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಲಂಡನ್ನಿನ ಬಾಗಿಲುಗಳಿಗೆ ಕೆಂಪು ಶಿಲುಬೆಯ ಗುರುತು ಬೀಳುತ್ತಿರುವಾಗ, ಬೀಗ ಹಾಕಿದ ಮನೆಯಲ್ಲಿ, ರೋಗ ತಗುಲಿದ ಬ್ರೂಸನನ್ನು ಆಂಬರ್ ಒಬ್ಬಳೇ ಆರೈಕೆ ಮಾಡುತ್ತಾಳೆ. ಅವನು ಚೇತರಿಸಿಕೊಳ್ಳುತ್ತಿರುವಂತೆ ರೋಗ ಅವಳಿಗೆ ಹತ್ತುತ್ತದೆ, ಅವನು ಆರೈಕೆ ಮಾಡುತ್ತಾನೆ. ಶೃಂಗಾರ ಕಾದಂಬರಿಯೆಂದು ಹೆಸರಾದ ಪ್ರಸ್ತುತ ಪುಸ್ತಕದಲ್ಲಿ ಪ್ರೇಮ ನಿಜವೆಂದು ನಾವು ನಂಬುವುದು ಇಲ್ಲಿ. ಬಾವು, ಜ್ವರ, ದುರ್ವಾಸನೆ, ನಿದ್ರೆಗೇಡುಗಳ ನಡುವೆ. ಗಂಟೆಗಳ ಬಳಲಿಕೆಯನ್ನು ಪುಟದ ಮೇಲೆ ಪುಟವಾಗಿ ನಾವೂ ಪಡುತ್ತೇವೆ. ಚಿತ್ರದಲ್ಲಿಯೂ ಈ ಪ್ರಸಂಗವಿದೆ, ಆದರೆ ಸಮಯವಿಲ್ಲ.

‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕೆ ನಿರ್ಮಾಪಕರು ಮೂರೂಮುಕ್ಕಾಲು ಗಂಟೆಯಷ್ಟು ಕಾಲ ಕೊಟ್ಟಿದ್ದರು. ಫೆರಾನ್ ಅವರ ಚಿತ್ರ ಎರಡು ಮುಕ್ಕಾಲು ಗಂಟೆಗೂ ಹೆಚ್ಚು ನಡೆಯುತ್ತದೆ. ಅದರಲ್ಲಿ ಬಹುಪಾಲು, ಕಾಡಿನ ದಾರಿಯಲ್ಲಿ ನಾಯಕಿ ನಡೆಯುವುದು, ಚಿಗುರು ಮೂಡುವುದು, ಮಳೆ ಬೀಳುವುದು, ಋತು ತಿರುಗುವುದು. ಕಾಯಲು ಬಿಡುವು ಕೊಟ್ಟ ಚಿತ್ರಗಳು ಬದುಕಿಕೊಂಡುವೆಂಬುದನ್ನು ಗಮನಿಸಬೇಕು.

ತೆರೆಗೂ ಚುಕ್ಕೆಗಳುಂಟು

ಹೀಗೆಂದಮಾತ್ರಕ್ಕೆ ಚಲಚ್ಚಿತ್ರಕಲೆ ಪ್ರೇಮಕ್ಕೆ ಅನರ್ಹವೆಂದು ತೀರ್ಪು ಕೊಡುವುದು ಅನ್ಯಾಯ. ತೆರವನ್ನು ಬಿಡುವ ಉಪಾಯ ತೆರೆಗೂ ಗೊತ್ತು. ೧೯೨೦ರ ಆಸುಪಾಸಿನಲ್ಲಿ ರಷ್ಯದ ಲೆವ್ ಕುಲೆಶಾವ್, ನಟನೊಬ್ಬನ ನಿರ್ವಿಕಾರ ಮುಖದ ಒಂದೇ ತುಣುಕನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ, ಹೀಗೆ ಬೇರೆ ಬೇರೆ ದೃಶ್ಯಗಳೊಂದಿಗೆ ಜೋಡಿಸಿ ತೋರಿಸಿದರಂತೆ. ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡು ನಟನನ್ನು ಹೊಗಳಿದರೆಂದು ಪ್ರಸಿದ್ಧಿ. ಆ ಮೂಲ ತುಣುಕುಗಳು ಉಳಿದಿಲ್ಲ. ಈಚಿನ ಪರೀಕ್ಷೆಗಳಲ್ಲಿ ಫಲ ಒಂದೇ ಸಮನಾಗಿ ಬಂದಿಲ್ಲ, ಆದರೆ ೨೦೧೬ರ ಪರೀಕ್ಷೆಯೊಂದು ಅಂಥ ಪರಿಣಾಮ ಉಂಟೆಂಬುದಕ್ಕೆ ಸ್ವಲ್ಪ ಬೆಂಬಲ ಕೊಟ್ಟಿದೆ. ಎರಡು ತುಣುಕುಗಳ ನಡುವಣ ಸಂದಿನಲ್ಲಿ ಪ್ರೇಕ್ಷಕನೂ ಏನನ್ನೋ ಬರೆದುಕೊಳ್ಳುತ್ತಾನೆ.

೧೯೪೫ರಲ್ಲಿ ಡೇವಿಡ್ ಲೀನ್ ತೆಗೆದ ‘ಬ್ರೀಫ್ ಎನ್‌ಕೌಂಟರ್’ ಇದಕ್ಕೆ ಸೊಗಸಾದ ನಿದರ್ಶನ. ಬೇರೆ ಬೇರೆ ಸಂಸಾರಗಳ ಗಂಡಸು ಹೆಂಗಸರಿಬ್ಬರು ರೈಲ್ವೆ ನಿಲ್ದಾಣವೊಂದರಲ್ಲಿ ಗುರುವಾರ ಗುರುವಾರ ಭೇಟಿಯಾಗಿ, ಪ್ರೀತಿಸಿ, ಅಗಲಲು ನಿಶ್ಚಯಿಸುತ್ತಾರೆ. ಕಡೆಯ ಬೀಳ್ಕೊಡುಗೆಯ ಹೊತ್ತಿಗೆ ಪರಿಚಯದ ವಾಚಾಳಿ ಹೆಂಗಸೊಬ್ಬಳು ಬಂದು ಕುಳಿತುಬಿಡುತ್ತಾಳೆ. ಆಡಬೇಕಾದ ಮಾತು ಆಡಲಾಗದೆ, ಅವನು ಹೊರಡುವಾಗ ನಾಯಕಿಯ ಹೆಗಲನ್ನು ಒಮ್ಮೆ ಒತ್ತಿ ಹೋಗುತ್ತಾನೆ. ಅಷ್ಟೆ. ಅರಮನೆಯಿಲ್ಲ, ಬಣ್ಣವಿಲ್ಲ, ರೇಷ್ಮೆಯಿಲ್ಲ. ಆ ಒಂದು ಸ್ಪರ್ಶದಲ್ಲಿ ಏನೇನಿತ್ತೆಂಬುದನ್ನು ಹೇಳುವ ಹೊರೆಯನ್ನು ಚಿತ್ರ ನಮಗೇ ಬಿಟ್ಟಿದೆ. ಇದೇ ತೆರೆಯ ಮೂರು ಚುಕ್ಕೆ.

ನಮ್ಮ ಆಲಂಕಾರಿಕರಿಗೆ ಇದು ಹೊಸ ಮಾತಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು, ವಾಚ್ಯವಾಗಿ ಹೇಳಿದುದಕ್ಕಿಂತ ಹೇಳದೆ ಹೊಳೆಯಿಸಿದುದೇ ಕಾವ್ಯದ ಆತ್ಮವೆಂದು ಸಾರಿ, ಅದಕ್ಕೆ ಧ್ವನಿಯೆಂದು ಹೆಸರಿಟ್ಟನು. ಹೊಳೆಯುವುದು ಎಲ್ಲಿ? ಸಹೃದಯನ ಮನಸ್ಸಿನಲ್ಲಿ. ಗಾಲ್ಟನ್ ಮತ್ತು ಪರ್ಕಿ ಅವರು ಬೇರೆ ದಾರಿಯಿಂದ ಬಂದು ಅದೇ ಮನಸ್ಸಿನ ಬಾಗಿಲನ್ನು ತಟ್ಟಿದರು.

ನೀವೇ ಮಾಡಬಹುದಾದ ಪ್ರಯೋಗ

ವಿದ್ಯಾರ್ಥಿಗಳಾದ ನೀವು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಚಿತ್ರವಾಗಿರುವ, ಆದರೆ ಆ ಚಿತ್ರವನ್ನು ನೀವಿನ್ನೂ ನೋಡದಿರುವ ಕಾದಂಬರಿಯೊಂದನ್ನು ನಾಲ್ಕೈದು ಮಂದಿ ಮಿತ್ರರು ಆರಿಸಿಕೊಳ್ಳಿ. ಓದಿ ಮುಗಿಸಿದ ದಿನ, ಒಬ್ಬರದನ್ನೊಬ್ಬರು ನೋಡದೆ, ನಾಯಕಿಯ ಮುಖ, ಧ್ವನಿ, ಎತ್ತರ, ಅವಳ ಮನೆಯ ಅಂಗಳ, ಇವನ್ನು ಒಂದೊಂದು ಪುಟದಲ್ಲಿ ಬರೆದಿಡಿ. ಅದರಲ್ಲಿ ಪುಸ್ತಕ ಹೇಳಿದ್ದೆಷ್ಟು, ನೀವು ಸೇರಿಸಿದ್ದೆಷ್ಟು ಎಂದು ಗೆರೆ ಎಳೆದು ಗುರುತುಮಾಡಿ. ಆಮೇಲೆ ಚಿತ್ರವನ್ನು ನೋಡಿ. ಒಂದು ತಿಂಗಳು ಬಿಟ್ಟು, ಹಳೆಯ ಕಾಗದವನ್ನು ತೆರೆಯದೆ, ಅದೇ ವರ್ಣನೆಯನ್ನು ಮತ್ತೆ ಬರೆಯಿರಿ. ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟಾಗ ನಿಮ್ಮದೆಷ್ಟು ಉಳಿಯಿತು, ನಟಿಯದೆಷ್ಟು ಬಂದು ಸೇರಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಪುಸ್ತಕವನ್ನು ಮೊದಲು ಓದಿ, ಚಿತ್ರವನ್ನು ಆಮೇಲೆ ನೋಡಿ ಎಂದು ಹಿರಿಯರು ಹೇಳುವುದುಂಟು. ಅದನ್ನು ಬರಿಯ ಉಪದೇಶವೆಂದು ತಿಳಿಯಬೇಕಾಗಿಲ್ಲ. ನೋಡಿದ ಮೇಲೆ ಓದಿದರೆ ನಿಮ್ಮ ಆಂಬರ್ ಹುಟ್ಟುವುದಕ್ಕೆ ಮುಂಚೆಯೇ ಅವಳ ಜಾಗವನ್ನು ಇನ್ನೊಬ್ಬಳು ಹಿಡಿದಿರುತ್ತಾಳೆ. ಅವಳನ್ನು ಒಮ್ಮೆಯಾದರೂ ಹುಟ್ಟಲು ಬಿಟ್ಟರೆ, ಆಮೇಲೆ ಚಿತ್ರ ಸಪ್ಪೆಯಾದರೂ ಚಿಂತೆಯಿಲ್ಲ. ಯಾವುದಕ್ಕೆ ಹೋಲಿಸಿ ಸಪ್ಪೆಯೆನ್ನುತ್ತೀರೋ ಅದು ನಿಮ್ಮ ಬಳಿ ಇರುತ್ತದೆ. ಫಾಕ್ಸ್ ಕಂಪೆನಿ ಅರವತ್ತು ಲಕ್ಷ ಡಾಲರು ಸುರಿದು ಕಟ್ಟಲಾರದೆ ಹೋದದ್ದನ್ನು ಮುದ್ರಣಾಲಯದ ಮೊಳೆಜೋಡಿಸುವವನು ಮೂರು ಚುಕ್ಕೆಗಳಿಂದ ಕಟ್ಟಿಸಿದ್ದ. ಕಟ್ಟಿದವರು ಓದುಗರು; ಅವರಿಗೆ ಕೂಲಿಯನ್ನೂ ಕೊಡಬೇಕಾಗಿರಲಿಲ್ಲ.